ಹೊಳೆಮೀನಿನ ಅಡುಗೆ: ದಂಡೆಯಿಂದ ಗಂಗಾಳದವರೆಗೆ

ಮುನಿರಾಬಾದ್ ಬದಿಯ ತುಂಗಭದ್ರಾ ಜಲಾಶಯದ ಹಿನ್ನೀರು, ಕಂಪ್ಲಿ-ಸಿರುಗುಪ್ಪದ ತುಂಗಭದ್ರೆ, ರಾಯಚೂರಿನ ಉತ್ತರಕ್ಕೆ ಕೃಷ್ಣೆ, ನಡುವೆ ಕೆರೆಗಳು, ಕಾಲುವೆಗಳು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ತಾಜಾ ಮೀನಿಗೆ ಬರವಿಲ್ಲ, ಬರ ಇರುವುದು ನೆರಳಿಗೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬೈಕಿನ ಹ್ಯಾಂಡಲಿಗೆ ತೂಗುಬಿಟ್ಟು ತಂದ ಮೀನು ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಆಮೇಲೆ ಎಂಥ ಖಾರ ಅರೆದು ಹಾಕಿದರೂ ಅದು ವಾಸನೆ ಮುಚ್ಚುತ್ತದೆಯೇ ಹೊರತು ರುಚಿ ತರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಒಲೆ ಹಚ್ಚುವ ಮೊದಲಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಯಾವ ಮೀನು ಯಾವುದಕ್ಕೆ

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಕಟ್ಲಾ, ರೋಹು, ಮೃಗಾಲ್. ಮೂರೂ ಗೆಂಡೆ ಜಾತಿಯವು. ಕಟ್ಲಾಕ್ಕೆ ತಲೆ ದೊಡ್ಡದು, ಹೊಟ್ಟೆ ಭಾಗದಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಸಾರಿಗೆ ಅದೇ ಲೇಸು. ರೋಹು ಸಾರಿಗೂ ಹುರಿಯುವುದಕ್ಕೂ ನಡೆಯುತ್ತದೆ. ಮೃಗಾಲ್ ತಳದ ಕೆಸರು ಕೆದಕಿ ತಿನ್ನುವ ಮೀನಾದ್ದರಿಂದ ಮಣ್ಣಿನ ವಾಸನೆ ಅದರಲ್ಲೇ ಹೆಚ್ಚು. ಒಂದೂವರೆಯಿಂದ ಎರಡೂವರೆ ಕಿಲೋ ತೂಗುವ ಗೆಂಡೆ ಮನೆ ಅಡುಗೆಗೆ ಹದವಾದ ಗಾತ್ರ. ಅದಕ್ಕಿಂತ ಚಿಕ್ಕದರಲ್ಲಿ ಸಣ್ಣ ಮುಳ್ಳುಗಳ ಕಾಟ.

ಕೊರಮೀನು, ಅಂದರೆ ಮುರ್ರೆಲ್, ಬೆಲೆ ಹೆಚ್ಚಾದರೂ ಮುಳ್ಳು ಕಡಿಮೆ, ಮಾಂಸ ಗಟ್ಟಿ. ಮಕ್ಕಳಿರುವ ಮನೆಗೆ ಇದೇ ಸರಿ. ಬಾಳೆಮೀನಿಗೆ ಹುರುಪೆಯೇ ಇಲ್ಲ, ಲೋಳೆ ವಿಪರೀತ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಹಂಚಿನ ಮೇಲೆ ಇಡಿಯಾಗಿ ಹುರಿಯಲು ಚೆನ್ನ. ಸಾರಿನಲ್ಲಿ ಅದು ಬೇಗ ಒಡೆಯುತ್ತದೆ.

ನೀರ ಮೇಲೆ ಸತ್ತು ತೇಲುವ ಮೀನನ್ನು, ಎಷ್ಟೇ ತಾಜಾ ಕಂಡರೂ, ಯಾರೇ ಪುಕ್ಕಟೆ ಕೊಟ್ಟರೂ ತರಬೇಡಿ. ಅದು ಯಾಕೆ ಸತ್ತಿತು ಎಂಬುದು ಅಡುಗೆಮನೆಯಲ್ಲಿ ಗೊತ್ತಾಗುವ ಸಂಗತಿಯಲ್ಲ.

ದಂಡೆಯ ಮೇಲಿನ ಮೊದಲ ಅರ್ಧ ಗಂಟೆ

ಗೆಂಡೆಗಳು ನೀರಿನಿಂದ ಹೊರಬಂದರೆ ಒದ್ದಾಡಿ ಒದ್ದಾಡಿ ಸಾಯುತ್ತವೆ. ಹಾಗೆ ಸತ್ತ ಮೀನಿನ ಮಾಂಸ ಬೇಗ ಸೆಟೆಯುತ್ತದೆ, ಬೇಗ ಮೆತ್ತಗಾಗುತ್ತದೆ. ಅದರ ಬದಲು ಕಣ್ಣಿನ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ ಒಂದು ದಪ್ಪ ಕೋಲಿನಿಂದ ಬಲವಾಗಿ ಒಂದೇ ಏಟು ಹಾಕಿ. ಕೂಡಲೇ ಕಿವಿರಿನ ಮುಚ್ಚಳ ಎತ್ತಿ, ಕಿವಿರು ಗಂಟಲಿಗೆ ಸೇರುವ ಕಡೆ ಎರಡೂ ಬದಿ ಕತ್ತರಿಸಿ, ತಲೆ ಕೆಳಗೆ ಮಾಡಿ ಬಕೆಟ್ ನೀರಿನಲ್ಲಿ ಐದು ನಿಮಿಷ ಬಿಡಿ. ರಕ್ತ ಹೊರಹೋದರೆ ಮಾಂಸ ಬೆಳ್ಳಗೆ ಉಳಿಯುತ್ತದೆ, ಬೆಂದ ಮೇಲೆ ನೀಚು ವಾಸನೆ ಅರ್ಧಕ್ಕಿಳಿಯುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಫಲ ಕೊಡುವುದು ಮೀನಡುಗೆಯಲ್ಲಿ ಬೇರೊಂದಿಲ್ಲ, ಆದರೂ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಮುಂದಿನದು ಐಸು. ಬೇಸಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿಮಾಡಿದ ಐಸು ಬೇಕು. ದಪ್ಪ ಗಡ್ಡೆ ಹಾಕಿದರೆ ಮೀನಿಗೆ ತಾಗುವುದು ಕಡಿಮೆ, ಜೊತೆಗೆ ಅದು ಮಾಂಸವನ್ನು ಜಜ್ಜುತ್ತದೆ. ಥರ್ಮಾಕೋಲ್ ಪೆಟ್ಟಿಗೆಯ ತಳಕ್ಕೆ ಐಸು, ಮೇಲೆ ಮೀನು, ಮತ್ತೆ ಐಸು. ಕರಗಿದ ನೀರು ಹರಿದುಹೋಗಲು ಮೂಲೆಯಲ್ಲೊಂದು ತೂತು. ಐಸು ಸಿಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಾಳಿಯಾಡುವಂತೆ ತನ್ನಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟುವುದು ಮಾತ್ರ ಬೇಡ. ಅರ್ಧ ಗಂಟೆಗಿಂತ ದೂರದ ದಾರಿಯಾದರೆ ದಂಡೆಯ ಮೇಲೇ ಕರುಳು, ಕಿವಿರು ತೆಗೆದುಬಿಡಿ. ಹೊಟ್ಟೆ ತುಂಬ ತಿಂದಿದ್ದ ಮೀನಿನಲ್ಲಿ ಜೀರ್ಣರಸ ಸತ್ತ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ಅದು ಹೊಟ್ಟೆಯ ಗೋಡೆಯನ್ನೇ ತಿನ್ನುತ್ತದೆ. ಹೊಟ್ಟೆ ಭಾಗ ಒಡೆದು ಎಲುಬು ಹೊರಗೆ ಕಾಣುವ ಮೀನು ನೋಡಿದ್ದರೆ, ಕಾರಣ ಇದೇ.

ಕೊರಮೀನು, ಚೇಳುಮೀನು ಗಾಳಿಯನ್ನೂ ಉಸಿರಾಡುವುದರಿಂದ ಒದ್ದೆಯಾಗಿಟ್ಟರೆ ಗಂಟೆಗಟ್ಟಲೆ ಬದುಕುತ್ತವೆ. ಅವನ್ನು ಜೀವಂತ ತರುವುದೇ ಸರಿ. ಚೇಳುಮೀನಿನ ಕಿವಿರಿನ ಪಕ್ಕದ ಎರಡು ಮುಳ್ಳಿನಲ್ಲಿ ವಿಷವಿರುತ್ತದೆ. ಚುಚ್ಚಿದರೆ ಕೈಯನ್ನು ತಾಳುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಡಿ, ನೋವು ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಮುಳ್ಳು ಒಳಗೇ ಮುರಿದಿದ್ದರೆ ಆಸ್ಪತ್ರೆಗೆ ಹೋಗಿ.

ಹಸನು ಮಾಡುವುದು

ಮೊದಲು ರೆಕ್ಕೆಗಳನ್ನು ಕತ್ತರಿಯಿಂದ ಬಾಲದ ಕಡೆಯಿಂದ ತಲೆ ಕಡೆಗೆ ಕತ್ತರಿಸಿ. ಹುರುಪೆ ಕೆರೆಯುವುದೂ ಅದೇ ದಿಕ್ಕಿನಲ್ಲಿ. ಚಾಕುವಿನ ಹಿಂಬದಿ ಸಾಕು, ಹರಿತವಾದ ಬದಿ ಚರ್ಮ ಹರಿಯುತ್ತದೆ. ನೀರು ತುಂಬಿದ ಬುಟ್ಟಿಯಲ್ಲಿ ಮುಳುಗಿಸಿಕೊಂಡೇ ಕೆರೆದರೆ ಹುರುಪೆ ಗೋಡೆಗೆಲ್ಲ ಹಾರುವುದಿಲ್ಲ. ಹೊಟ್ಟೆಯ ಅಡಿ ಮತ್ತು ತಲೆಯ ಹಿಂದಿನ ಕುತ್ತಿಗೆ, ಈ ಎರಡು ಕಡೆ ಹುರುಪೆ ಉಳಿದುಬಿಡುತ್ತದೆ. ಬೆರಳನ್ನು ಬಾಲದಿಂದ ಮೇಲಕ್ಕೆ ಸವರಿ ನೋಡಿ. ಬಾಳೆಮೀನಿನಂಥ ಲೋಳೆ ಮೀನಿಗೆ ಕಲ್ಲುಪ್ಪು ಮತ್ತು ಒಲೆಯ ಬೂದಿ, ಬೂದಿ ಇಲ್ಲದಿದ್ದರೆ ಜೋಳದ ಹಿಟ್ಟು ಹಚ್ಚಿ ಗಸಗಸ ತಿಕ್ಕಿ ತೊಳೆಯಿರಿ. ಎರಡು ಸಲ ತಿಕ್ಕಿದರೆ ಕೈಗೆ ಹಿಡಿತ ಸಿಗುತ್ತದೆ.

ಇನ್ನು ಹೊಟ್ಟೆ ಸೀಳುವುದು. ಗುದದ್ವಾರದಲ್ಲಿ ಚಾಕುವಿನ ತುದಿ ಇಟ್ಟು ಅಲಗನ್ನು ಮೇಲ್ಮುಖ ಮಾಡಿ, ಅರ್ಧ ಇಂಚಿಗಿಂತ ಆಳ ಹೋಗದಂತೆ ಗಂಟಲಿನವರೆಗೆ ಎಳೆಯಿರಿ. ಅವಸರ ಮಾಡುವ ಜಾಗ ಇದಲ್ಲ. ತಲೆಯ ಕಡೆ, ಲಿವರಿಗೆ ಅಂಟಿಕೊಂಡು ಕಡುಹಸಿರು ಬಣ್ಣದ, ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡ ತೆಳು ಚೀಲವೊಂದಿರುತ್ತದೆ. ಅದೇ ಪಿತ್ತಕೋಶ. ಎರಡು ಬೆರಳಿನಿಂದ ಅದರ ಬುಡವನ್ನು, ಲಿವರಿನ ಒಂದು ಚೂರಿನ ಸಮೇತ ಹಿಡಿದು ಕತ್ತರಿಸಿ ತೆಗೆಯಿರಿ. ಚೀಲವನ್ನೇ ಹಿಡಿದು ಎಳೆದರೆ ಒಡೆಯುತ್ತದೆ, ಹಸಿರು ರಸ ತಾಗಿದ ಕಡೆಯೆಲ್ಲ ಕಹಿ. ಒಡೆದೇಹೋದರೆ ಕೂಡಲೇ ಧಾರೆ ನೀರು ಬಿಟ್ಟು ತೊಳೆದು, ಉಪ್ಪು ಮತ್ತು ಹುಣಸೆಹುಳಿ ಹಚ್ಚಿ ಉಜ್ಜಿ, ಹಸಿರು ಕಲೆ ಉಳಿದ ಮಾಂಸವನ್ನು ಕೆತ್ತಿ ಬಿಸಾಡಿ.

ಈ ಪಿತ್ತಕೋಶವನ್ನು ಹಸಿಯಾಗಿ ನುಂಗಿದರೆ ಸಕ್ಕರೆ ಕಾಯಿಲೆಗೆ, ಕಣ್ಣಿಗೆ ಒಳ್ಳೆಯದು ಎಂದು ಹೇಳುವವರು ಇನ್ನೂ ಇದ್ದಾರೆ. ಕೇಳಬೇಡಿ. ರೋಹು, ಕಟ್ಲಾ, ಹುಲ್ಲುಗೆಂಡೆ ಇವುಗಳ ಪಿತ್ತದಲ್ಲಿ ಮೂತ್ರಪಿಂಡ ಮತ್ತು ಲಿವರಿಗೆ ಪೆಟ್ಟು ಕೊಡುವ ವಿಷವಿದೆ. ನುಂಗಿದ ಕೆಲವು ಗಂಟೆಗಳಲ್ಲಿ ವಾಂತಿ-ಭೇದಿ, ಒಂದೆರಡು ದಿನದಲ್ಲಿ ಮೂತ್ರ ನಿಂತು ಡಯಾಲಿಸಿಸ್‌ವರೆಗೆ ಹೋದವರ ವರದಿಗಳು ನಮ್ಮ ದೇಶದಲ್ಲೇ ಬೇಕಾದಷ್ಟಿವೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ.

ಕರುಳೆಲ್ಲ ತೆಗೆದ ಮೇಲೆ ಬೆಳ್ಳಗಿನ ಗಾಳಿಚೀಲ ಕಾಣುತ್ತದೆ, ಅದನ್ನು ಕಿತ್ತರೆ ಬೆನ್ನೆಲುಬಿನ ಉದ್ದಕ್ಕೂ ಕಪ್ಪುಕೆಂಪು ಪಟ್ಟಿ. ನೋಡಲು ಹೆಪ್ಪುಗಟ್ಟಿದ ರಕ್ತದಂತಿದ್ದರೂ ಅದು ಮೀನಿನ ಮೂತ್ರಪಿಂಡ. ಮೇಲಿನ ತೆಳು ಪೊರೆಯನ್ನು ಚಾಕುವಿನಿಂದ ಗೀರಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಪೂರ್ತಿ ತೆಗೆಯಿರಿ. ಹೊಟ್ಟೆಯ ಒಳಗೋಡೆಗೆ ಅಂಟಿದ ಕರಿ ಪೊರೆಯನ್ನೂ ಉಪ್ಪು ಹಾಕಿ ಉಜ್ಜಿ ಬಿಡಿಸಿ. ಸಾರಿಗೆ ನೀಚು ಬಂತು ಎಂದು ಮಸಾಲೆಯನ್ನು ಬೈಯುವವರು ಹೆಚ್ಚಾಗಿ ಈ ಎರಡನ್ನು ಬಿಟ್ಟಿರುತ್ತಾರೆ. ಕಿವಿರು ತಲೆಯ ಜೊತೆ ಉಳಿದರೂ ಅದೇ ಗತಿ.

ಒಂದು ಇಂಚು ದಪ್ಪದ ಹೋಳು ಸಾರಿಗೆ, ಅರ್ಧ ಇಂಚು ಹುರಿಯಲು. ಈಳಿಗೆಮಣೆ ಇದ್ದರೆ ಬೆನ್ನೆಲುಬನ್ನು ಒಂದೇ ಒತ್ತಿಗೆ ಕತ್ತರಿಸಬಹುದು. ಗರಗಸದಂತೆ ಹಿಂದೆ ಮುಂದೆ ಎಳೆದರೆ ಎಲುಬಿನ ಚೂರು ಮಾಂಸದಲ್ಲಿ ಉಳಿಯುತ್ತದೆ. ತೊಳೆಯುವುದೆಲ್ಲ ಹೋಳು ಮಾಡುವ ಮೊದಲೇ ಮುಗಿಯಲಿ, ಹೋಳಾದ ಮೇಲೆ ಒಂದೇ ಸಲ ನೀರು ತೋರಿಸಿ ಸೋಸಿ.

ಇನ್ನೊಂದು ಮಾತು. ಸತ್ತು ಒಂದೆರಡು ಗಂಟೆಗೆ ಮೀನು ಕೋಲಿನಂತೆ ಸೆಟೆಯುತ್ತದೆ. ಸೆಟೆಯುವ ಮೊದಲು ಅಥವಾ ಸೆಟೆದಾಗ ತೆಳು ಹೋಳು ಮಾಡಿ ಹಂಚಿಗೆ ಹಾಕಿದರೆ ಅದು ಮುದುಡಿಕೊಂಡು ನಡುವೆ ಬಿರಿಯುತ್ತದೆ. ಸಾರಿಗೆ ಇದರಿಂದ ತೊಂದರೆ ಅಷ್ಟಿಲ್ಲ. ಹುರಿಯುವುದಿದ್ದರೆ ಹಸನು ಮಾಡಿದ ಮೀನನ್ನು ಇಡಿಯಾಗಿ ಐಸಿನಲ್ಲಿಟ್ಟು, ಸೆಟೆತ ಬಿಟ್ಟು ಬಳುಕುವಂತಾದ ಮೇಲೆ ಕತ್ತರಿಸಿ. ಬೆಳಿಗ್ಗೆ ಹಿಡಿದದ್ದನ್ನು ಮರುದಿನ ಹುರಿದರೆ ಅದರಿಂದ ರುಚಿ ಕಡಿಮೆಯೇನೂ ಆಗುವುದಿಲ್ಲ.

ಕೆಸರು ವಾಸನೆ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ, ಜಲಾಶಯದ ನೀರು ಹಸಿರುಗಟ್ಟಿದಾಗ ಮೀನಿಗೆ ಮಣ್ಣಿನ ವಾಸನೆ ಬರುತ್ತದೆ. ಪಾಚಿ ಮತ್ತು ಕೆಲವು ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ಕಾರಣ ಅದು. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯೂ ಇದರದ್ದೇ, ಅಲ್ಲಿ ಹಿತ, ಗಂಗಾಳದಲ್ಲಿ ಅಲ್ಲ. ಇದು ಮೀನಿನ ಕೊಬ್ಬಿನೊಳಗೆ ಕೂತಿರುತ್ತದೆ. ಹಾಗಾಗಿ ಹೊರಗೆ ಹತ್ತು ಸಲ ತೊಳೆದರೂ ಹೋಗದು.

ಕೆಲಸ ಮಾಡುವ ದಾರಿಗಳು ಮೂರೇ. ಕೊಬ್ಬಿರುವ ಭಾಗ ತೆಗೆಯುವುದು ಮೊದಲನೆಯದು: ಚರ್ಮ ಸುಲಿದು, ಪಕ್ಕದ ನಡುಗೆರೆಯ ಕೆಳಗಿರುವ ಕಂದು ಮಾಂಸದ ಪಟ್ಟಿಯನ್ನು ಕೆತ್ತಿ, ಹೊಟ್ಟೆಯ ಅಂಚಿನ ಕೊಬ್ಬು ಕತ್ತರಿಸಿ ಬಿಡಿ. ಎರಡನೆಯದು ಹುಳಿ. ಹುಳಿಯಲ್ಲಿ ಜಿಯೋಸ್ಮಿನ್ ವಾಸನೆಯಿಲ್ಲದ ರೂಪಕ್ಕೆ ಒಡೆಯುತ್ತದೆ. ಕಿಲೋ ಹೋಳಿಗೆ ಒಂದು ಲೀಟರ್ ತೆಳು ಹುಣಸೆನೀರು, ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಸಿನ ಹಾಕಿ 15 ನಿಮಿಷ ನೆನೆಸಿ ಚೆಲ್ಲಿ. ಹುಳಿ ಮಜ್ಜಿಗೆಯಾದರೂ ಆದೀತು. ಅರ್ಧ ಗಂಟೆ ದಾಟಿಸಬೇಡಿ, ಮಾಂಸ ಪುಡಿಯಾಗುತ್ತದೆ. ಮೂರನೆಯದು ಕೊರಮೀನಿನಂಥ ಜೀವಂತ ಮೀನಿಗೆ ಮಾತ್ರ: ಡ್ರಮ್ಮಿನಲ್ಲಿ ಶುದ್ಧ ನೀರು ತುಂಬಿ, ಮೀನು ಹಾರಿಹೋಗದಂತೆ ಬಲೆ ಮುಚ್ಚಿ, ಏನೂ ತಿನ್ನಿಸದೆ ಎರಡು ಮೂರು ದಿನ ಬಿಡುವುದು. ದಿನಾ ನೀರು ಬದಲಿಸಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಿಸಿಲಿಗಿಟ್ಟು ಬಳಸಿ.

ಹುಳಿ ಸಾರು

ಹಸನಾದ ಒಂದು ಕಿಲೋ ಹೋಳಿನ ಲೆಕ್ಕ ಇದು. ಅಷ್ಟು ಹೋಳು ಬೇಕಾದರೆ ತಲೆಯೂ ಸೇರಿ ಸುಮಾರು ಒಂದೂವರೆ ಕಿಲೋದ ಮೀನು ತರಬೇಕು.

ಹೋಳಿಗೆ ಒಂದೂವರೆ ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಒಂದು ಚಮಚ ಖಾರದಪುಡಿ ಹಚ್ಚಿ 20 ನಿಮಿಷ ಇಡಿ. ಈ ಉಪ್ಪು ರುಚಿಗೆ ಮಾತ್ರವಲ್ಲ, ಮೇಲ್ಭಾಗದ ನೀರು ಎಳೆದು ಹೋಳನ್ನು ಬಿಗಿ ಮಾಡುತ್ತದೆ. 50 ಗ್ರಾಂ ಹುಣಸೆಹಣ್ಣನ್ನು ಮುಕ್ಕಾಲು ಲೀಟರ್ ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿ ಸೋಸಿ. ಹೊಸ ಹುಣಸೆಗೆ ಹುಳಿ ಚುರುಕು, ಹಳೆಯ ಕಪ್ಪು ಹುಣಸೆಗೆ ಸಿಹಿ ಜಾಸ್ತಿ, ನಾಲಗೆಗೆ ಹಚ್ಚಿ ನೋಡಿ ಪ್ರಮಾಣ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಮಸಾಲೆಗೆ ಎರಡು ದೊಡ್ಡ ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಅಥವಾ ಗ್ಯಾಸಿನ ಉರಿಯಲ್ಲಿ ಹೊರಗೆ ಕರಕಾಗುವಷ್ಟು ಸುಟ್ಟು ಸುಲಿಯಿರಿ. ನಾಲ್ಕು ದೊಡ್ಡ ಚಮಚ ತುರಿದ ಒಣಕೊಬ್ಬರಿ, ಒಂದು ದೊಡ್ಡ ಚಮಚ ಬಿಳಿಎಳ್ಳು, ಎರಡು ದೊಡ್ಡ ಚಮಚ ಧನಿಯಾ, ಒಂದು ಚಮಚ ಜೀರಿಗೆ, ಕಾಲು ಚಮಚ ಮೆಂತೆ ಇವನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಧನಿಯಾ ಬಿಸಿಯಾಗುವಷ್ಟರಲ್ಲಿ ಎಳ್ಳು ಸೀದಿರುತ್ತದೆ. ಮೆಂತೆ ಕೆಂಪಾದರೆ ಸಾಕು, ಕಂದಾದರೆ ಕಹಿ, ಆಮೇಲೆ ಪಾಪ ಪಿತ್ತಕೋಶದ ಮೇಲೆ ಅಪವಾದ. ಬ್ಯಾಡಗಿ ಮೆಣಸಿನಕಾಯಿ ಎಂಟು ಬಣ್ಣಕ್ಕೆ, ಗುಂಟೂರು ನಾಲ್ಕು ಖಾರಕ್ಕೆ. ಇವೆಲ್ಲದರ ಜೊತೆ 15 ಎಸಳು ಬೆಳ್ಳುಳ್ಳಿ, ಒಂದು ಇಂಚು ಹಸಿಶುಂಠಿ ಸೇರಿಸಿ ನುಣ್ಣಗೆ ಅರೆಯಿರಿ. ತರಿತರಿ ಉಳಿದರೆ ಸಾರು ತಳಕ್ಕೆ ಮಸಾಲೆ, ಮೇಲೆ ನೀರು ಎಂದು ಬೇರೆಯಾಗುತ್ತದೆ.

ಅಗಲ ಬಾಯಿಯ ಪಾತ್ರೆ ಬೇಕು, ಹೋಳು ಒಂದರ ಮೇಲೊಂದು ಕೂರಬಾರದು. ಐದು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ನಾಲ್ಕು ಜಜ್ಜಿದ ಬೆಳ್ಳುಳ್ಳಿ ಹಾಕಿ. ಅರೆದ ಮಸಾಲೆ ಹಾಕಿ ನಡು ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ ತಾಳ್ಮೆಯಿಂದ ಬಾಡಿಸಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ. ಈಗ ಹುಣಸೆನೀರು, ಒಂದು ಚಮಚ ಉಪ್ಪು, ಹೆಬ್ಬೆಟ್ಟಿನ ಗಾತ್ರದ ಬೆಲ್ಲ. ಮೀನು ಹಾಕದೆಯೇ ಹತ್ತು ನಿಮಿಷ ಕುದಿಸಿ. ಹುಳಿಯ ಹಸಿವಾಸನೆ ಹೋಗಬೇಕಾದ್ದು ಇಲ್ಲಿಯೇ. ಮೀನು ಹಾಕಿದ ಮೇಲೆ ಅಷ್ಟು ಹೊತ್ತು ಕುದಿಸಲು ಬರುವುದಿಲ್ಲ.

ಸಾರು ದಪ್ಪವೆನಿಸಿದರೆ ಬಿಸಿನೀರು ಬೆರೆಸಿ. ಮೊದಲು ತಲೆಯ ತುಂಡುಗಳನ್ನು ಹಾಕಿ ಐದು ನಿಮಿಷ, ಆಮೇಲೆ ಹೋಳುಗಳನ್ನು ಒಂದೊಂದಾಗಿ ಇಳಿಬಿಡಿ. ಸಾರು ಹೋಳಿನ ಮೇಲೆ ಅರ್ಧ ಬೆರಳು ನಿಲ್ಲಬೇಕು. ಉರಿ ತಗ್ಗಿಸಿ, ಗುಳ್ಳೆ ಮೆಲ್ಲಗೆ ಏಳುವಂತೆ ಎಂಟು ನಿಮಿಷ ಬೇಯಿಸಿ. ಸೌಟು ಹಾಕಿ ತಿರುವಬೇಡಿ. ಪಾತ್ರೆಯ ಎರಡೂ ಕಿವಿ ಬಟ್ಟೆಯಿಂದ ಹಿಡಿದು ಒಮ್ಮೆ ತಿರುಗಿಸಿ ಅಲುಗಿಸಿದರೆ ಸಾಕು. ಬೆಂದಿದೆಯೋ ಇಲ್ಲವೋ ನೋಡಲು ಬೆನ್ನೆಲುಬಿನ ಪಕ್ಕ ಚಾಕುವಿನ ತುದಿ ಚುಚ್ಚಿ: ಮಾಂಸ ಎಲುಬು ಬಿಟ್ಟು ಬಂದರೆ, ಗಾಜಿನಂಥ ಹೊಳಪು ಹೋಗಿ ಬೆಳ್ಳಗಾಗಿದ್ದರೆ ಆಯಿತು. ಮಣ್ಣಿನ ಗಡಿಗೆಯಾದರೆ ಎರಡು ನಿಮಿಷ ಮೊದಲೇ ಇಳಿಸಿ, ಅದು ಒಲೆ ಆರಿದ ಮೇಲೂ ಕುದಿಯುತ್ತಿರುತ್ತದೆ. ಕೊತ್ತಂಬರಿ ಉದುರಿಸಿ, ಮುಚ್ಚಿ, ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ಇಳಿಸಿದ ಕೂಡಲೇ ಬಡಿಸಿದರೆ ಸಾರಿಗೊಂದು ರುಚಿ, ಮೀನಿಗೊಂದು ರುಚಿ.

ಗಂಗಾವತಿ ಸೋನಾಮಸೂರಿ ಅನ್ನಕ್ಕೆ ಈ ಅಳತೆಯ ಸಾರು ಸರಿ. ಜೋಳದ ರೊಟ್ಟಿಗಾದರೆ ಹುಣಸೆನೀರನ್ನು ಅರ್ಧ ಲೀಟರಿಗೆ ಇಳಿಸಿ ಗಟ್ಟಿ ಮಾಡಿಕೊಳ್ಳಿ.

ಹಂಚಿನ ಮೇಲೆ

ಒಂದು ಕಿಲೋ ತೆಳು ಹೋಳಿಗೆ ಎರಡು ದೊಡ್ಡ ಚಮಚ ಖಾರದಪುಡಿ, ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಒಂದೂವರೆ ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟು, ಒಂದು ನಿಂಬೆಹಣ್ಣಿನ ರಸ. ಕಲಸಿ ಅರ್ಧ ಗಂಟೆ ಬಿಡಿ. ಹುರಿಯುವ ಮೊದಲು ಎರಡು ಚಮಚ ಅಕ್ಕಿಹಿಟ್ಟು, ಒಂದು ಚಮಚ ಜೋಳದ ಹಿಟ್ಟು ಬೆರೆಸಿ ಮೇಲೆ ತೆಳ್ಳಗೆ ಉದುರಿಸಿ. ಬಜ್ಜಿಯ ಹಾಗೆ ಹಿಟ್ಟಿನಲ್ಲಿ ಮುಳುಗಿಸಿದರೆ ಹೊರಗೆ ಕುರುಕಲು, ಒಳಗೆ ಹಸಿ.

ಹೋಳು ಹಂಚಿಗೆ ಹಿಡಿಯುತ್ತದೆ ಎಂಬುದು ಎಲ್ಲರ ದೂರು. ಹೋಳು ಒದ್ದೆಯಿದ್ದರೆ ಹಿಡಿಯುತ್ತದೆ, ಹಂಚು ಕಾದಿರದಿದ್ದರೆ ಹಿಡಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅವಸರಪಟ್ಟು ತಿರುವಿದರೆ ಹಿಡಿಯುತ್ತದೆ. ಕಬ್ಬಿಣದ ಹಂಚಿನಿಂದ ತೆಳು ಹೊಗೆ ಏಳುವಾಗ ಎಣ್ಣೆ ಹಾಕಿ, ಹೋಳಿಟ್ಟು ನಾಲ್ಕು ನಿಮಿಷ ಕೈಕಟ್ಟಿ ನಿಲ್ಲಿ. ಪದರ ಗಟ್ಟಿಯಾದ ಮೇಲೆ ಅದು ತಾನೇ ಬಿಟ್ಟುಕೊಳ್ಳುತ್ತದೆ. ಮಗುಚಿ ಇನ್ನು ಮೂರು ನಿಮಿಷ. ಹಂಚಿನ ತುಂಬ ಹೋಳು ತುರುಕಿದರೆ ಹಂಚು ತಣ್ಣಗಾಗಿ ಮೀನು ತನ್ನ ನೀರಿನಲ್ಲೇ ಬೇಯುತ್ತದೆ.

ಗೆಂಡೆಯ ಬೆನ್ನಿನ ಮಾಂಸದಲ್ಲಿ ಮತ್ತು ಬಾಲದ ಕಡೆ ಕವಲೊಡೆದ ಸಣ್ಣ ಮುಳ್ಳುಗಳು ಎಲುಬಿಗೆ ಅಂಟದೆ ಮಾಂಸದೊಳಗೇ ಇರುತ್ತವೆ, ಬಿಡಿಸಲು ಆಗುವುದಿಲ್ಲ. ಅದಕ್ಕೊಂದು ಉಪಾಯ: ಬೆನ್ನೆಲುಬಿನಿಂದ ಬಿಡಿಸಿದ ಮಾಂಸದ ಪಟ್ಟಿಯನ್ನು ಚರ್ಮ ಕೆಳಗೆ ಮಾಡಿ ಇಟ್ಟು, ಮೂರು ಮಿಲಿಮೀಟರಿಗೊಂದರಂತೆ ಅಡ್ಡಲಾಗಿ ಚರ್ಮದವರೆಗೆ ಸೀಳುತ್ತ ಹೋಗಿ, ಚರ್ಮ ಮಾತ್ರ ತುಂಡಾಗಬಾರದು. ಮುಳ್ಳು ಕತ್ತರಿಸುವ ಕಿರಿಕಿರಿ ಸದ್ದು ಕೈಗೆ ತಿಳಿಯುತ್ತದೆ. ಕಾದ ಎಣ್ಣೆಯಲ್ಲಿ ಐದಾರು ನಿಮಿಷ ಕರಿದರೆ ಆ ಚೂರುಮುಳ್ಳು ಗರಿಗರಿಯಾಗಿ ಮಾಂಸದ ಜೊತೆಗೇ ತಿನ್ನಲು ಬರುತ್ತದೆ. ಮಕ್ಕಳಿಗೆ ಮಾತ್ರ ಹೊಟ್ಟೆ ಭಾಗದ ಹೋಳೇ ಕೊಡಿ, ಅಲ್ಲಿ ದಪ್ಪ ಪಕ್ಕೆಲುಬು ಬಿಟ್ಟರೆ ಬೇರೆ ಮುಳ್ಳಿಲ್ಲ. ಗಂಟಲಿಗೆ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವುದು ಹಳೆಯ ರೂಢಿ, ಆದರೆ ಅದು ಮುಳ್ಳನ್ನು ಇನ್ನೂ ಆಳಕ್ಕೆ ದೂಡಬಹುದು. ಕೆಮ್ಮಿದರೂ ಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ.

ತತ್ತಿ, ಸಣ್ಣ ಮೀನು, ಉಳಿದದ್ದು

ಮಳೆಗಾಲದ ಆರಂಭದಲ್ಲಿ ಹೆಣ್ಣು ಗೆಂಡೆಯ ಹೊಟ್ಟೆ ತುಂಬ ತತ್ತಿ ಇರುತ್ತದೆ. ಚೀಲ ಒಡೆಯದಂತೆ ತೆಗೆದು, ಉಪ್ಪು-ಅರಿಸಿನದ ನೀರಿನಲ್ಲಿ ಐದು ನಿಮಿಷ ಬೇಯಿಸಿ ಗಟ್ಟಿಯಾದ ಮೇಲೆ ಹೋಳು ಮಾಡಿ ಹುರಿಯಿರಿ. ಹಸಿಯಾಗೇ ಎಣ್ಣೆಗೆ ಹಾಕಿದರೆ ಸಿಡಿದು ಮುಖಕ್ಕೆ ಹಾರುತ್ತದೆ.

ಬೆರಳುದ್ದದ ಮೀನುಗಳಿಗೆ ಹೊಟ್ಟೆ ಹಿಂಡಿ ಕರುಳು ತೆಗೆದರೆ ಸಾಕು, ತಲೆ ಇರಲಿ. ಪುಂಡಿಪಲ್ಲೆ (ಗೋಂಗುರ ಸೊಪ್ಪು) ಇದ್ದರೆ ಹುಣಸೆ ಬಿಟ್ಟು ಅದನ್ನೇ ಬಾಡಿಸಿ ಹಾಕಿ, ಹುಳಿಯೂ ಆಯಿತು, ಸಾರೂ ಗಟ್ಟಿಯಾಯಿತು.

ಹೊಳೆಮೀನನ್ನು ಅರೆಬೆಂದ ಸ್ಥಿತಿಯಲ್ಲಿ ತಿನ್ನಬಾರದು, ಅದರಲ್ಲಿ ಹುಳುಗಳಿರಬಹುದು. ಹಸನು ಮಾಡಿದ ಹಸಿ ಹೋಳು ಫ್ರಿಜ್ಜಿನಲ್ಲಿ ಎರಡು ದಿನ ತಡೆಯುತ್ತದೆ. ನಿಂಬೆರಸ ಹಚ್ಚಿ ಇಡಬೇಡಿ, ಉಪ್ಪು-ಅರಿಸಿನ ಸಾಕು. ಸಾರು ಹುಳಿಯಿದ್ದರೂ ನಮ್ಮ ಬೇಸಿಗೆಯ ರಾತ್ರಿಗೆ ಹೊರಗೆ ತಾಳುವುದಿಲ್ಲ. ಆರಿದ ಮೇಲೆ, ಎರಡು ಗಂಟೆಯೊಳಗೆ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಟ್ಟರೆ ಹುಳಿ ಲೋಹವನ್ನು ತಿಂದು ಸಾರು ಕಪ್ಪಾಗುತ್ತದೆ. ಮರುದಿನ ಬಿಸಿ ಮಾಡುವಾಗ ಹೋಳುಗಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಸಾರನ್ನು ಮಾತ್ರ ಮಳ್ಳಿಸಿ, ಆಮೇಲೆ ಹೋಳು ಬಿಟ್ಟು ಸಣ್ಣ ಉರಿಯಲ್ಲಿ ನಡುವಿನವರೆಗೆ ಹೊಗೆಯಾಡುವಷ್ಟು ಬಿಸಿ ಮಾಡಿ ಇಳಿಸಿ.